ಗೌರಿ ಹೂವಿನ ಬಳ್ಳಿ: ಗುರುತು ಹಿಡಿಯುವುದು, ಬೆಳೆಸುವುದು, ಮಲಗಿದಾಗ ಕಾಯುವುದು

ಗೌರಿ ಹೂವಿನ ಬಳ್ಳಿ ವರ್ಷದಲ್ಲಿ ಆರು ತಿಂಗಳು ಮಾತ್ರ ಕಣ್ಣಿಗೆ ಕಾಣುತ್ತದೆ. ಮುಂಗಾರಿಗೆ ಮುಂಚಿನ ಮಳೆಗೆ ಮೊಳೆತು, ಭಾದ್ರಪದದ ಗೌರಿ ಹಬ್ಬದ ಆಸುಪಾಸಿಗೆ ಮೈತುಂಬ ಹೂ ಬಿಟ್ಟು, ದೀಪಾವಳಿ ಕಳೆಯುತ್ತಿದ್ದಂತೆ ಹಳದಿಯಾಗಿ ಒಣಗಿಬಿಡುತ್ತದೆ. ಉಳಿದ ಕಾಲವೆಲ್ಲ ಅದು ಮಣ್ಣೊಳಗೆ ಮಲಗಿರುವ ಗೆಡ್ಡೆ. ಇದನ್ನು ಕೈತೋಟಕ್ಕೆ ತಂದು ಕಳೆದುಕೊಳ್ಳುವವರಲ್ಲಿ ಹೆಚ್ಚಿನವರು ಕಳೆದುಕೊಳ್ಳುವುದು ಈ ಮಲಗಿದ ಅವಧಿಯಲ್ಲೇ. ಬಳ್ಳಿ ಸತ್ತಿತೆಂದು ಕುಂಡ ಖಾಲಿ ಮಾಡುತ್ತಾರೆ, ಇಲ್ಲವೇ ಬದುಕಿಸುವ ಆಸೆಯಿಂದ ದಿನಾ ನೀರು ಹಾಕಿ ಗೆಡ್ಡೆ ಕೊಳೆಸುತ್ತಾರೆ. ಗಿಡ ಕಷ್ಟದ್ದಲ್ಲ, ಅದರ ವೇಳಾಪಟ್ಟಿ ತಿಳಿದಿರಬೇಕು, ಅಷ್ಟೆ.

ಅಗ್ನಿಶಿಖೆ, ಕೋಳಿಕುಟುಮ ಎಂದೂ ಕರೆಯುವ ಇದರ ಸಸ್ಯಶಾಸ್ತ್ರೀಯ ಹೆಸರು ಗ್ಲೋರಿಯೋಸಾ ಸುಪರ್ಬಾ. 1753ರಲ್ಲಿ ಲಿನೇಯಸ್ ಇಟ್ಟ ಹೆಸರು ಇಂದಿಗೂ ಹಾಗೇ ಉಳಿದಿದೆ. ಹಳೆಯ ಪುಸ್ತಕಗಳಲ್ಲಿ ಲಿಲಿಯೇಸೀ ಕುಟುಂಬದಲ್ಲಿ ಸಿಗುತ್ತದೆ, ಈಗ ಕಾಲ್ಚಿಕೇಸೀ ಕುಟುಂಬಕ್ಕೆ ಸೇರಿಸಿದ್ದಾರೆ. ಆಫ್ರಿಕಾದಿಂದ ಭಾರತ ದಾಟಿ ಆಗ್ನೇಯ ಏಷ್ಯಾದವರೆಗೆ ಇದು ಸಹಜವಾಗಿ ಬೆಳೆಯುತ್ತದೆ. ತಮಿಳುನಾಡಿನ ರಾಜ್ಯ ಪುಷ್ಪ, ಜಿಂಬಾಬ್ವೆಯ ರಾಷ್ಟ್ರೀಯ ಪುಷ್ಪ ಎರಡೂ ಇದೇ. ನಮ್ಮಲ್ಲಿ ಬೇಲಿಸಾಲು, ಗದ್ದೆ ಬದು, ಕುರುಚಲು ಕಾಡಿನ ಅಂಚು, ಕರಾವಳಿ-ಮಲೆನಾಡಿನ ಜಂಬಿಟ್ಟಿಗೆ ದರೆಗಳ ಮೇಲೆ ನೋಡಬಹುದು. ಈ ಜಾಗಗಳಿಗೆಲ್ಲ ಒಂದು ಸಮಾನ ಗುಣವಿದೆ: ಮಳೆ ಎಷ್ಟೇ ಸುರಿದರೂ ನೀರು ನಿಲ್ಲುವುದಿಲ್ಲ.

ಮೊದಲು ವಿಷದ ಮಾತು

ಗೆಡ್ಡೆ, ಬೀಜ, ಎಲೆ, ಹೂವು ಎಲ್ಲವೂ ವಿಷ. ಕಾಲ್ಚಿಸಿನ್ ಎಂಬ ಕ್ಷಾರಾಭ ಇದಕ್ಕೆ ಕಾರಣ. ಗೆಡ್ಡೆ ಮತ್ತು ಬೀಜದ ವಿಚಾರದಲ್ಲಂತೂ ತಮಾಷೆಯೇ ಬೇಡ. ಅದೇ ಕಾಲ್ಚಿಸಿನ್ ಗೌಟ್ ಎಂಬ ಕೀಲುನೋವಿಗೆ ಔಷಧಿಯೂ ಹೌದು. ತಮಿಳುನಾಡಿನ ಧಾರಾಪುರಂ, ಮೂಲನೂರು, ಒಟ್ಟನ್‌ಛತ್ರಂ ಸುತ್ತಮುತ್ತ ರೈತರು ಬೀಜಕ್ಕಾಗಿಯೇ ಇದನ್ನು ಬೆಳೆಯುತ್ತಾರೆ. ಆದರೆ ಕಾರ್ಖಾನೆಯಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ಕೊಡುವುದಕ್ಕೂ ಮನೆಯಲ್ಲಿ ಗೆಡ್ಡೆ ಅರೆದು ಕುಡಿಯುವುದಕ್ಕೂ ಸಂಬಂಧವಿಲ್ಲ. ನಾಟಿ ಔಷಧವೆಂದು ಇದನ್ನು ಮನೆಯಲ್ಲಿ ಬಳಸಲೇಬಾರದು.

ಅಪಾಯ ಹೆಚ್ಚಾಗಿ ಬರುವುದು ಗೆಡ್ಡೆ ಸಿಹಿಗೆಣಸನ್ನೋ ಕಾಡುಗೆಣಸನ್ನೋ ಹೋಲುವುದರಿಂದ. ತಿಂದ ಕೂಡಲೇ ಏನೂ ಆಗದಿರಬಹುದು. ಎರಡರಿಂದ ಆರು ಗಂಟೆ ಕಳೆದ ಮೇಲೆ ಗಂಟಲು ಉರಿ, ವಾಂತಿ, ಭೇದಿ ಶುರುವಾಗುತ್ತದೆ. ಆಮೇಲೆ ಒಂದೊಂದೇ ಅಂಗ ಸೋಲುತ್ತ ಹೋಗುತ್ತದೆ. ಬದುಕುಳಿದವರಿಗೆ ಒಂದೆರಡು ವಾರದಲ್ಲಿ ಕೂದಲು ಉದುರುವುದೂ ಉಂಟು. ಹಾಗಾಗಿ ಯಾರಾದರೂ ತಿಂದರೆಂದು ಗೊತ್ತಾದರೆ ಲಕ್ಷಣಕ್ಕೆ ಕಾಯದೆ 108ಕ್ಕೆ ಕರೆ ಮಾಡಿ. ತಿಂದ ಭಾಗದ ತುಂಡನ್ನು ಜೊತೆಗೆ ಆಸ್ಪತ್ರೆಗೆ ಒಯ್ಯಿರಿ. ಮಜ್ಜಿಗೆ, ಉಪ್ಪುನೀರು ಎಂದು ಮನೆಮದ್ದು ಮಾಡುತ್ತ ಹೊತ್ತು ಕಳೆಯಬೇಡಿ.

ಮನೆಯಲ್ಲಿ ಬೆಳೆಸುವವರಿಗೆ ನಿಯಮಗಳು ಸರಳ. ಗೆಡ್ಡೆ ಮುಟ್ಟುವಾಗ ಕೈಗವಸು ಇರಲಿ, ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಶೇಖರಿಸಿದ ಗೆಡ್ಡೆ ಅಡುಗೆಮನೆ ಅಥವಾ ತರಕಾರಿ ಬುಟ್ಟಿಯ ಹತ್ತಿರಕ್ಕೂ ಬರಬಾರದು. ಡಬ್ಬದ ಮೇಲೆ ದೊಡ್ಡದಾಗಿ ‘ವಿಷ’ ಎಂದು ಬರೆಯಿರಿ. ಪೂಜೆಗೆ ಹೂವಿಡುವುದಾದರೆ ನೈವೇದ್ಯಕ್ಕೆ ತಾಗದಂತೆ ಇಡಿ. ನೆಲ ಕೆದಕುವ ನಾಯಿ, ಬಾಯಿಗೆ ಹಾಕುವ ವಯಸ್ಸಿನ ಮಗು ಮನೆಯಲ್ಲಿದ್ದರೆ ಈ ಬಳ್ಳಿಯನ್ನು ಕೆಲವು ವರ್ಷ ಮುಂದೂಡುವುದೇ ಒಳ್ಳೆಯದು. ದನ-ಆಡು ಮೇಯುವ ಬೇಲಿಯಲ್ಲೂ ಬೇಡ.

ಗುರುತು ಹಿಡಿಯುವುದು

ಹೂ ಬಿಟ್ಟಾಗ ಯಾರು ಬೇಕಾದರೂ ಗುರುತಿಸುತ್ತಾರೆ. ಹೂವಿಲ್ಲದಾಗ ಎಲೆಯ ತುದಿ ನೋಡಿ. ಎಲೆ ತೊಟ್ಟಿಲ್ಲದೆ ನೇರ ಕಾಂಡಕ್ಕೆ ಅಂಟಿರುತ್ತದೆ, ಉದ್ದ ಸಾಮಾನ್ಯವಾಗಿ 8ರಿಂದ 15 ಸೆಂ.ಮೀ., ನರಗಳು ಬಿದಿರೆಲೆಯಲ್ಲಿರುವ ಹಾಗೆ ಉದ್ದುದ್ದಕ್ಕೆ ಸಮಾನಾಂತರ. ತುದಿ ಸಪೂರವಾಗುತ್ತ ಹೋಗಿ ಸುರುಳಿಯಾಗುತ್ತದೆ. ಆ ಸುರುಳಿಯೇ ಬಳ್ಳಿಯ ಕೈ. ಅದರಿಂದಲೇ ಪಕ್ಕದ ಕಡ್ಡಿಯನ್ನು ಹಿಡಿದು ಮೇಲೇರುತ್ತದೆ. ಬುಡದ ಎಲೆಗಳಲ್ಲಿ ಸುರುಳಿ ಇರುವುದಿಲ್ಲ, ಹಾಗಾಗಿ ಎಳೆ ಗಿಡವನ್ನು ನೋಡಿ ತೀರ್ಮಾನಿಸಬೇಡಿ. ಎಲೆಗಳು ಒಂದೇ ಬಳ್ಳಿಯಲ್ಲಿ ಒಂದು ಕಡೆ ಒಂಟಿಯಾಗಿ, ಇನ್ನೊಂದು ಕಡೆ ಎದುರುಬದುರಾಗಿ, ಮತ್ತೊಂದು ಕಡೆ ಮೂರರ ಗುಂಪಾಗಿ ಕಾಣಿಸಿದರೆ ಗೊಂದಲವಾಗುವುದು ಬೇಡ, ಅದು ಇದರ ಸ್ವಭಾವ.

ತಪ್ಪು ತಿಳಿಯಬಹುದಾದ ಗಿಡ ಒಂದಿದೆ: ಫ್ಲಜೆಲೇರಿಯಾ ಇಂಡಿಕಾ. ಅದರ ಎಲೆಯ ತುದಿಯೂ ಸುರುಳಿಯೇ. ಆದರೆ ಅದರ ಕಾಂಡ ಬೆತ್ತದಂತೆ ಗಟ್ಟಿ, ಎಲೆಯ ಬುಡ ಕಾಂಡವನ್ನು ಕೊಳವೆಯಾಗಿ ಸುತ್ತಿಕೊಂಡಿರುತ್ತದೆ, ಹೂವು ಸಣ್ಣ ಬಿಳಿ ಗೊಂಚಲು. ಗೌರಿ ಬಳ್ಳಿಯ ಕಾಂಡ ಮೆತ್ತಗೆ, ನುಣುಪು, ಚಿವುಟಿದರೆ ಮುರಿಯುವಂಥದ್ದು.

ಹೂವನ್ನು ಹತ್ತಿರದಿಂದ ನೋಡುವುದು ಚೆಂದ. ಎಲೆಯ ಕಂಕುಳಿನಿಂದ ಉದ್ದ ತೊಟ್ಟು ಹೊರಟು, ತುದಿಯಲ್ಲಿ ಕೊಕ್ಕೆಯಾಗಿ ಬಗ್ಗಿ, ಹಸಿರು ಮೊಗ್ಗು ತಲೆಕೆಳಗಾಗಿ ತೂಗುತ್ತದೆ. ಅರಳುವಾಗ ಆರೂ ಎಸಳುಗಳು ಕೆಳಮುಖದಿಂದ ಹಿಂದಕ್ಕೆ ಮಡಚಿ ಮೇಲ್ಮುಖವಾಗುತ್ತವೆ. ಅಂಚು ಅಲೆಅಲೆಯಾಗಿ ಸುಕ್ಕುಗಟ್ಟಿರುತ್ತದೆ. ಮೊದಲು ಹಸಿರು ಮಿಶ್ರಿತ ಹಳದಿ, ಆಮೇಲೆ ಬುಡ ಹಳದಿಯಾಗಿಯೇ ಉಳಿದು ತುದಿ ಕಿತ್ತಳೆ-ಕೆಂಪು, ಕಡೆಗೆ ಪೂರ್ತಿ ಕಡುಗೆಂಪು. ಒಂದೇ ಬಳ್ಳಿಯಲ್ಲಿ ಈ ಎಲ್ಲ ಬಣ್ಣಗಳೂ ಒಟ್ಟಿಗಿರುತ್ತವೆ. ಫೋಟೋ ನೋಡಿ ಎರಡು ಬೇರೆ ಜಾತಿ ಎಂದು ವಾದಿಸುವವರು ಈ ಕಾರಣಕ್ಕೇ ಹುಟ್ಟಿಕೊಳ್ಳುತ್ತಾರೆ.

ಆರು ಕೇಸರಗಳು ಚಕ್ರದ ಅರೆಗಳಂತೆ ಸುತ್ತಲೂ ಅಡ್ಡಡ್ಡ ಚಾಚಿರುತ್ತವೆ. ಅವುಗಳ ನಡುವೆ ಹಸಿರು ಅಂಡಾಶಯ. ಅದರ ತುದಿಯಿಂದ ಹೊರಡುವ ಶಲಾಕೆ, ಅಂದರೆ ತುದಿಯಲ್ಲಿ ಪರಾಗ ಹಿಡಿಯುವ ಸಪೂರ ದಂಟು, ನೇರ ಕೆಳಗಿಳಿಯದೆ, ಬುಡದಲ್ಲೇ ಹೆಚ್ಚುಕಡಿಮೆ 90 ಡಿಗ್ರಿ ತಿರುಗಿ ಒಂದು ಪಕ್ಕಕ್ಕೆ ಚಾಚಿಕೊಳ್ಳುತ್ತದೆ. ಕೊನೆಯಲ್ಲಿ ಮೂರು ಸೀಳು. ಹೀಗೆ ಪಕ್ಕಕ್ಕೆ ಮುರಿದಂತಿರುವ ಶಲಾಕೆ ಕಂಡರೆ ಗುರುತು ಖಚಿತ. ಬೀಜ ಕಟ್ಟುವ ವಿಷಯದಲ್ಲೂ ಇದಕ್ಕೆ ಮಹತ್ವವಿದೆ, ಮುಂದೆ ಬರುತ್ತದೆ.

ನರ್ಸರಿಗಳಲ್ಲಿ ‘ಗ್ಲೋರಿ ಲಿಲಿ’ ಎಂದು ಸಿಗುವುದೆಲ್ಲ ನಮ್ಮ ಕಾಡಿನದಲ್ಲ. ಎಸಳು ಅಗಲ, ಸುಕ್ಕು ಕಡಿಮೆ, ಮೊದಲ ದಿನದಿಂದಲೇ ಕಡುಗೆಂಪು ಮೈಗೆ ಹಳದಿ ಅಂಚು ಇದ್ದರೆ ಅದು ರಾಥ್‌ಚೈಲ್ಡಿಯಾನಾ ಎಂಬ ಆಫ್ರಿಕಾ ಮೂಲದ ತಳಿ. ಕೊನೆಯವರೆಗೂ ಕೆಂಪಾಗದೆ ಹಳದಿಯಾಗಿಯೇ ಉಳಿಯುವುದು ಲೂಟಿಯಾ. ಎರಡೂ ಚೆನ್ನಾಗಿವೆ, ಸಾಕುವ ಕ್ರಮವೂ ಇದೇ. ದೇಸಿ ಬಳ್ಳಿಯೇ ಬೇಕೆಂದರೆ ಸಪೂರ, ಗುಂಗುರು ಎಸಳನ್ನು ಕೇಳಿ ತನ್ನಿ.

ಗೆಡ್ಡೆ ಆರಿಸುವುದು

ಗೆಡ್ಡೆ ವಿ ಅಕ್ಷರದ ಆಕಾರದ್ದು. ಬಾಗಿದ ಮೂಲೆಯಲ್ಲಿ ಹೋದ ವರ್ಷದ ಕಾಂಡದ ಗುರುತು, ಎರಡು ತೋಳುಗಳ ತುದಿಯಲ್ಲಿ ಒಂದೊಂದೇ ಮೊಳಕೆ ಕಣ್ಣು. ಆಲೂಗಡ್ಡೆಯ ಹಾಗೆ ಮೈತುಂಬ ಕಣ್ಣುಗಳಿಲ್ಲ ಎಂಬುದನ್ನು ಮರೆಯಬಾರದು. ತುದಿ ಮುರಿದರೆ ಆ ತೋಳು ಎಷ್ಟೇ ದಪ್ಪವಿದ್ದರೂ ಮೊಳೆಯುವುದಿಲ್ಲ. ಗೆಡ್ಡೆ ತುಂಬ ಪೆಡಸು, ಕೈಜಾರಿ ಬಿದ್ದರೂ ತುದಿ ಹಾರಿಹೋಗುತ್ತದೆ. ಕೊರಿಯರ್‌ನಲ್ಲಿ ತರಿಸಿದಾಗ ಮೊದಲು ಪರೀಕ್ಷಿಸಬೇಕಾದ್ದು ಇದನ್ನೇ: ತುದಿ ಇಡಿಯಾಗಿದೆಯೇ, ತಿಳಿಬಣ್ಣದ ಉಬ್ಬು ಕಾಣುತ್ತದೆಯೇ, ಮೈ ಗಟ್ಟಿಯಾಗಿದೆಯೇ. ಒತ್ತಿದರೆ ಮೆತ್ತಗಾಗುವ ಗೆಡ್ಡೆ ಬೇಡ.

ತೂಕವೂ ಮುಖ್ಯ. ಅದೇ ವರ್ಷ ಚೆನ್ನಾಗಿ ಹೂ ಬಿಡಲು ಪ್ರತಿ ತೋಳು 50ರಿಂದ 60 ಗ್ರಾಂ ಇರಬೇಕು. ಬೆರಳ ಗಾತ್ರದ 15-20 ಗ್ರಾಮಿನವು ಬರೀ ಎಲೆ ಬಿಟ್ಟು, ಗೆಡ್ಡೆ ದಪ್ಪ ಮಾಡಿಕೊಂಡು ಮಲಗುತ್ತವೆ. ಅಗ್ಗಕ್ಕೆ ಸಿಕ್ಕಿತೆಂದು ಸಣ್ಣವನ್ನು ತಂದು ಹೂ ಬರಲಿಲ್ಲ ಎಂದು ಬೈಯುವುದರಲ್ಲಿ ಅರ್ಥವಿಲ್ಲ.

ಕಾಡಿನಿಂದ ಕಿತ್ತು ತರಬೇಡಿ. ಅರಣ್ಯ ಪ್ರದೇಶದಿಂದ ಅನುಮತಿಯಿಲ್ಲದೆ ಕೀಳುವುದು ಕಾನೂನಿಗೆ ವಿರುದ್ಧ. ಅದಕ್ಕಿಂತ ಮೊದಲಿನ ಮಾತೆಂದರೆ, ಔಷಧಿಗಾಗಿ ಅಗೆದು ಅಗೆದೇ ಇದು ಹಲವು ಕಡೆ ಕಡಿಮೆಯಾಗಿದೆ. ಹೂ ಬಿಟ್ಟಿರುವಾಗ ಕಿತ್ತದ್ದು ಬದುಕುವುದೂ ಅಪರೂಪ, ಏಕೆಂದರೆ ಆಗ ಹಳೆಯ ಗೆಡ್ಡೆ ಕರಗುತ್ತಿರುತ್ತದೆ, ಹೊಸದು ಇನ್ನೂ ಬಲಿತಿರುವುದಿಲ್ಲ.

ನೆಡುವುದು

ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ, ಅಂದರೆ ಭರಣಿ ಮಳೆಯಿಂದ ರೋಹಿಣಿ ಮಳೆಯೊಳಗೆ ನೆಟ್ಟರೆ ಸರಿ. ಕಣ್ಣು ಉಬ್ಬಿ ಬೆಳ್ಳಗಾಗಿದ್ದರೆ ತಡಮಾಡಬೇಡಿ. ಮೊಳಕೆ ಉದ್ದವಾದ ಮೇಲೆ ನೆಡುವುದು ಮುರಿದುಕೊಳ್ಳುವ ದಾರಿ.

ಕುಂಡವಾದರೆ 12 ಇಂಚಿನದು, ಆಳವೂ ಅಷ್ಟೇ ಇರಲಿ. ಅದರಲ್ಲಿ ಒಂದು ಗೆಡ್ಡೆ, ಹೆಚ್ಚೆಂದರೆ ಎರಡು. ಮಣ್ಣು: ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ, ಮೇಲೊಂದು ಹಿಡಿ ಬೇವಿನ ಹಿಂಡಿ. ಹಸಿ ಗೊಬ್ಬರ ಹಾಕಿದರೆ ಗೆಡ್ಡೆಗೆ ಬೂಷ್ಟು ಹಿಡಿಯುತ್ತದೆ. ಬರೀ ಕೊಕೊಪೀಟ್ ಮಿಶ್ರಣ ಈ ಗಿಡಕ್ಕೆ ಆಗದು, ಮಳೆಗಾಲದಲ್ಲಿ ಅದು ನೀರು ಬಿಟ್ಟುಕೊಡುವುದಿಲ್ಲ. ಕುಂಡದ ತಳದ ತೂತುಗಳನ್ನು ಒಮ್ಮೆ ಕಡ್ಡಿ ಹಾಕಿ ನೋಡಿ.

ನೆಲದಲ್ಲಾದರೆ ಗೆಡ್ಡೆಯಿಂದ ಗೆಡ್ಡೆಗೆ 30ರಿಂದ 45 ಸೆಂ.ಮೀ. ಅಂತರ ಕೊಡಿ. ಬಯಲುಸೀಮೆಯ ಕೆಂಪು ಮಣ್ಣಿಗೆ ವಿಶೇಷ ತಯಾರಿ ಬೇಡ. ಎರೆಭೂಮಿಯಲ್ಲಿ ಮರಳು, ಗೊಬ್ಬರ ಬೆರೆಸಿ ಒಂದಡಿ ಎತ್ತರದ ಏರುಮಡಿ ಮಾಡಲೇಬೇಕು. ಮಲೆನಾಡು, ಕರಾವಳಿಯಲ್ಲೂ ಏರುಮಡಿ ಅಥವಾ ದರೆಯ ಇಳಿಜಾರೇ ಸರಿ. ಅಂಗಳದ ತಗ್ಗಿನಲ್ಲಿ ನೆಟ್ಟರೆ ಆರಿದ್ರಾ ಮಳೆಗೇ ಮುಗಿಯುತ್ತದೆ.

ಗೆಡ್ಡೆಯನ್ನು ಅಡ್ಡಲಾಗಿ ಮಲಗಿಸಿ, ಕಣ್ಣಿರುವ ತುದಿ ಆಸರೆಯ ಕಡ್ಡಿಯ ಕಡೆಗೆ ಇರಲಿ. ಕುಂಡದಲ್ಲಿ 5-7 ಸೆಂ.ಮೀ., ನೆಲದಲ್ಲಿ 8-10 ಸೆಂ.ಮೀ. ಮಣ್ಣು ಮುಚ್ಚಿ. ಆಸರೆಯ ಕಡ್ಡಿ ನೆಡುವಾಗಲೇ ಊರಿಬಿಡಿ, ಆಮೇಲೆ ಚುಚ್ಚಿದರೆ ಕಾಣದ ಮೊಳಕೆಗೇ ತಗಲುತ್ತದೆ. ಒಮ್ಮೆ ನೀರು ಹಾಕಿ. ಮೊಳಕೆ ಮೇಲೆ ಬರುವವರೆಗೆ ಮೇಲ್ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ಮತ್ತೆ ನೀರು. ಸಾಮಾನ್ಯವಾಗಿ ಮೂರು-ನಾಲ್ಕು ವಾರಕ್ಕೆ ಮೊಳೆಯುತ್ತದೆ. ಜುಲೈ ಬಂದರೂ ಏನೂ ಕಾಣದಿದ್ದರೆ ಮಾತ್ರ ಬದಿಯಿಂದ ಮೆಲ್ಲಗೆ ಮಣ್ಣು ಸರಿಸಿ ನೋಡಿ. ಗೆಡ್ಡೆ ಗಟ್ಟಿಯಿದ್ದರೆ ಮುಚ್ಚಿಬಿಡಿ, ಅದು ಇನ್ನೂ ಎದ್ದಿಲ್ಲ ಅಷ್ಟೆ.

ಆಸರೆ, ಬಿಸಿಲು, ನೀರು

ಬಳ್ಳಿ ಐದಾರು ಅಡಿಯಿಂದ ಹತ್ತು ಅಡಿವರೆಗೂ ಏರುತ್ತದೆ, ಆದರೆ ದಪ್ಪ ಗಳುವನ್ನು ಹಿಡಿಯಲಾರದು. ಎಲೆ ತುದಿಯ ಸುರುಳಿ ಚಿಕ್ಕದು, ಪೆನ್ಸಿಲಿಗಿಂತ ದಪ್ಪದ ಕಡ್ಡಿಗೆ ಸುತ್ತು ಬರುವುದಿಲ್ಲ. ದಪ್ಪ ಬಿದಿರು ಊರಿ, ಬಳ್ಳಿ ಹತ್ತುತ್ತಿಲ್ಲ ಎಂದು ದಾರ ಕಟ್ಟಿ ಎಳೆಯುವಾಗಲೇ ಕಾಂಡ ಮುರಿಯುವುದು. ಬೆಳೆಯುವ ತುದಿ ಮುರಿದರೆ ಆ ವರ್ಷದ ಹೂವಿನ ಆಸೆ ಬಿಡಬೇಕಾಗುತ್ತದೆ. ಕವಲೊಡೆದ ಒಣ ಲಂಟಾನ ಕೊಂಬೆ, ಕೋಳಿಜಾಲರಿ, ತೆಳು ತಂತಿಯ ಚೌಕಟ್ಟು ಇವೆಲ್ಲ ಚೆನ್ನಾಗಿ ಒಗ್ಗುತ್ತವೆ. ಎಲ್ಲಕ್ಕಿಂತ ಚೆಂದ ಕಾಣುವುದು ಜೀವಂತ ಗಿಡದ ಮೇಲೆ ಹಬ್ಬಿಸಿದಾಗ: ಎತ್ತರ ಬೆಳೆಯದ ದಾಸವಾಳ ಅಥವಾ ಕೇಪಳದ ಬುಡದಿಂದ ಒಂದಡಿ ದೂರದಲ್ಲಿ ಗೆಡ್ಡೆ ನೆಡಿ. ಬುಡಕ್ಕೆ ನೆರಳು, ತಲೆಗೆ ಬಿಸಿಲು ಎರಡೂ ತಾನಾಗಿ ಸಿಗುತ್ತದೆ.

ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ನೆರಳು ಹೆಚ್ಚಾದರೆ ಬಳ್ಳಿ ಉದ್ದುದ್ದ ಎಳೆದುಕೊಂಡು ಹೋಗುತ್ತದೆ, ಹೂ ಎರಡೋ ಮೂರೋ. ಬುಡಕ್ಕೆ ಒಣ ಎಲೆಯ ಹೊದಿಕೆ ಹಾಕಿ, ಆದರೆ ಕಾಂಡಕ್ಕೆ ತಾಗದಂತೆ ಎರಡು ಬೆರಳು ಜಾಗ ಬಿಡಿ.

ಬಳ್ಳಿ ಅರ್ಧ ಅಡಿ ದಾಟಿದ ಮೇಲೆ ಮಳೆಯಿಲ್ಲದ ದಿನಗಳಲ್ಲಿ ಎರಡು-ಮೂರು ದಿನಕ್ಕೊಮ್ಮೆ ನೀರು ಸಾಕು. ಹದಿನೈದು ದಿನಕ್ಕೊಮ್ಮೆ ತಿಳಿ ಸಗಣಿ ಗೊಬ್ಬರದ ನೀರು ಕೊಡಿ. ಯೂರಿಯಾ ಬೇಡ, ಎಲೆ ಸೊಂಪಾಗುತ್ತದೆ, ಕಾಂಡ ಮೆತ್ತಗಾಗಿ ಬುಡ ಕೊಳೆಯುತ್ತದೆ. ಮೊಗ್ಗು ಕಾಣಿಸಿದ ಮೇಲೆ ಪೊಟ್ಯಾಷ್ ಹೆಚ್ಚಿರುವ ಗೊಬ್ಬರ ಕೊಟ್ಟರೆ ಗೆಡ್ಡೆಯೂ ತುಂಬಿಕೊಳ್ಳುತ್ತದೆ. ನೆಟ್ಟ ಸುಮಾರು ಎರಡು ತಿಂಗಳಿಗೆ ಮೊದಲ ಹೂ. ಕೊಯ್ದು ನೀರಿಗಿಟ್ಟರೂ ವಾರದವರೆಗೆ ಬಾಡದು. ಆದರೆ ತೊಟ್ಟಿನೊಂದಿಗೆ ಹೂವನ್ನಷ್ಟೇ ಕೊಯ್ಯಿರಿ. ಉದ್ದಕ್ಕೆ ಬಳ್ಳಿಯನ್ನೇ ಕತ್ತರಿಸಿದರೆ ಮುಂದಿನ ವರ್ಷದ ಗೆಡ್ಡೆಗೆ ಊಟ ಕೊಡುವ ಎಲೆಗಳೂ ಹೋದ ಹಾಗೆ.

ಏನು ಕೆಡುತ್ತದೆ, ಏಕೆ

ಒಂದೇ ರಾತ್ರಿಯಲ್ಲಿ ಎಲೆಗಳೆಲ್ಲ ಮಾಯವಾದರೆ ಅದು ಲಿಲಿ ಹುಳುವಿನ ಕೆಲಸ, ಪಾಲಿಟೆಲಾ ಗ್ಲೋರಿಯೋಸೆ. ಕಪ್ಪು ಮೈಮೇಲೆ ಬಿಳಿ ಮತ್ತು ಕೆಂಪು-ಕಿತ್ತಳೆ ಚುಕ್ಕೆಗಳು, ಗುಂಪುಗುಂಪಾಗಿ ಮೇಯುತ್ತವೆ. ಬೇರೆ ಹುಳುಗಳಿಗೆ ವಿಷವಾಗುವ ಎಲೆ ಇದಕ್ಕೆ ಆಹಾರ. ಪಕ್ಕದಲ್ಲಿ ಕ್ರೈನಮ್ ಲಿಲಿ ಇದ್ದರೆ ಅಲ್ಲಿಂದಲೂ ಬರುತ್ತದೆ. ಜುಲೈ-ಆಗಸ್ಟಿನಲ್ಲಿ ದಿನ ಬಿಟ್ಟು ದಿನ ಎಲೆಯ ಅಡಿಭಾಗ ನೋಡಿ. ಮರಿಗಳು ಇನ್ನೂ ಒಂದೇ ಎಲೆಯ ಮೇಲೆ ಗುಂಪಾಗಿರುವಾಗಲೇ ಆ ಎಲೆ ಚಿವುಟಿ ಸೋಪುನೀರಿಗೆ ಹಾಕಿದರೆ ಕೆಲಸ ಮುಗಿಯಿತು. ದೊಡ್ಡವಾದ ಮೇಲೆ ಕೈಗವಸು ಹಾಕಿ ಆರಿಸುವುದೊಂದೇ ನಂಬುವ ದಾರಿ. ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ, ಒಂದೆರಡು ಹನಿ ಸೋಪು ಬೆರೆಸಿ ಸಿಂಪಡಿಸುವುದು ಮರಿಗಳಿಗಷ್ಟೇ ತಾಗುತ್ತದೆ. ಹುಳು ಮಣ್ಣಿಗಿಳಿದು ಕೋಶ ಕಟ್ಟುವುದರಿಂದ ಬಳ್ಳಿ ಒಣಗಿದ ಮೇಲೆ ಮೇಲ್ಮಣ್ಣು ಕೆದಕಿ ಬಿಸಿಲಿಗೆ ಒಡ್ಡಿ.

ಬುಡದಿಂದ ಹಳದಿಯಾಗಿ, ಎಳೆದರೆ ಕಾಂಡ ಕೈಗೇ ಬಂದರೆ ಗೆಡ್ಡೆ ಕೊಳೆ ರೋಗ. ಬುಡದಲ್ಲಿ ಬಿಳಿ ಎಳೆ, ಸಾಸಿವೆಯಷ್ಟು ಕಂದು ಗುಂಡುಗಳು ಕಾಣಿಸಿದರೆ ಸ್ಕ್ಲೆರೋಷಿಯಂ ಶಿಲೀಂಧ್ರ. ಬಂದ ಮೇಲೆ ಉಳಿಸುವುದು ಕಷ್ಟ. ಆ ಗೆಡ್ಡೆಯನ್ನು ಮಣ್ಣಿನೊಂದಿಗೆ ತೆಗೆದುಹಾಕಿ, ಅದೇ ಜಾಗದಲ್ಲಿ ಮತ್ತೆ ನೆಡಬೇಡಿ. ನೆಡುವ ಮುನ್ನ ಗೊಬ್ಬರಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿ ಬೆರೆಸುವುದು ಮುಂಜಾಗ್ರತೆ. ಎಲೆ ಮೇಲೆ ಕಂದು ಮಚ್ಚೆ ಬಂದು ಸುಟ್ಟಂತಾಗುವುದು ಜಡಿಮಳೆಯ ದಿನಗಳ ರೋಗ. ಮಚ್ಚೆಯ ಎಲೆ ಕಿತ್ತು, ಬಳ್ಳಿ ಗಿಜಿಗಿಜಿಯಾಗದಂತೆ ಹರಡಿಬಿಟ್ಟರೆ ಸಾಮಾನ್ಯವಾಗಿ ಹತೋಟಿಗೆ ಬರುತ್ತದೆ.

ಅಕ್ಟೋಬರ್-ನವೆಂಬರಿನಲ್ಲಿ ಇಡೀ ಬಳ್ಳಿ ಹಳದಿಯಾಗುವುದು ಮಾತ್ರ ರೋಗವಲ್ಲ. ಆಗ ಔಷಧಿ ಹುಡುಕಬೇಡಿ.

ಕಾಯಿ ಮತ್ತು ಬೀಜ

ಶಲಾಕೆ ಪಕ್ಕಕ್ಕೆ ತಿರುಗಿರುವುದರಿಂದ ತನ್ನದೇ ಪರಾಗ ತನ್ನ ಮೇಲೆ ಸುಲಭವಾಗಿ ಬೀಳುವುದಿಲ್ಲ. ಚಿಟ್ಟೆ ಅಥವಾ ಸೂರಕ್ಕಿ ಬರಬೇಕು. ತಾರಸಿಯಲ್ಲಿ ಒಂಟಿ ಬಳ್ಳಿಯಿದ್ದರೆ ಕಾಯಿ ಕಟ್ಟದಿರುವುದೇ ಹೆಚ್ಚು. ಬೀಜ ಬೇಕಿದ್ದರೆ ಬೆಳಗ್ಗೆ ಎಂಟರಿಂದ ಹನ್ನೊಂದರೊಳಗೆ, ಒಡೆದ ಪರಾಗಕೋಶದ ಪುಡಿಯನ್ನು ಮೆತ್ತನೆಯ ಬ್ರಶ್ಶಿನಲ್ಲಿ ತೆಗೆದು ಇನ್ನೊಂದು ಬಳ್ಳಿಯ ಹೂವಿನ ಮೂರು ಸೀಳಿನ ತುದಿಗೆ ಸವರಿ. ತಮಿಳುನಾಡಿನ ಹೊಲಗಳಲ್ಲಿ ಇದೇ ಕೆಲಸವನ್ನು ಕೂಲಿಯಾಳುಗಳು ಹೂವಿಂದ ಹೂವಿಗೆ ಮಾಡುತ್ತಾರೆ.

ಕಾಯಿ ಹಸಿರು ಹೋಗಿ ಸುಕ್ಕುಗಟ್ಟಿ ಮೂರು ಹೋಳಾಗಿ ಬಿರಿಯುವಾಗ ಒಳಗೆ ಕಿತ್ತಳೆ-ಕೆಂಪು ಬೀಜಗಳು ಕಾಣುತ್ತವೆ. ಮಕ್ಕಳನ್ನು ಸೆಳೆಯುವ ಬಣ್ಣ. ಬೀಜ ಬೇಡದಿದ್ದರೆ ಕಾಯಿ ಎಳೆಯದಾಗಿರುವಾಗಲೇ ತೆಗೆದುಬಿಡಿ. ಬೇಕಿದ್ದರೆ ಕೈಗವಸು ಹಾಕಿ ಕೆಂಪು ತಿರುಳನ್ನು ಮರಳಿನಲ್ಲಿ ಉಜ್ಜಿ ತೆಗೆದು, ನೆರಳಲ್ಲಿ ಒಣಗಿಸಿ, ಮುಂದಿನ ಮೇ ತಿಂಗಳಿಗೆ ಕಾಪಿಡಿ. ಬಿತ್ತುವ ಮುಂಚೆ ಒಂದು ದಿನ ನೀರಲ್ಲಿ ನೆನೆಸಿ, ಒಂದು ಸೆಂ.ಮೀ. ಆಳಕ್ಕೆ ಹಾಕಿ. ಮೂರು ವಾರಕ್ಕೂ ಮೊಳೆಯಬಹುದು, ಮೂರು ತಿಂಗಳೂ ಹಿಡಿಯಬಹುದು. ಹೂವಿಗೆ ಮೂರು-ನಾಲ್ಕು ವರ್ಷ. ಮೊದಲ ವರ್ಷ ಪುಟ್ಟ ಸಸಿ ಒಣಗಿದಾಗ ಕೆಳಗೆ ಪುಟ್ಟ ಗೆಡ್ಡೆ ಉಳಿದಿರುತ್ತದೆ, ಆ ಮಣ್ಣನ್ನು ಎಸೆಯಬೇಡಿ. ಅವಸರವಿರುವವರಿಗೆ ಬೀಜದ ದಾರಿ ಹೇಳಿದ್ದಲ್ಲ.

ಮಲಗುವ ಕಾಲ

ಎಲೆ ಹಳದಿಯಾಗತೊಡಗಿದಾಗ ನೀರನ್ನು ವಾರಕ್ಕೊಮ್ಮೆಗೆ ಇಳಿಸಿ, ಕಾಂಡ ಹುಲ್ಲಿನ ಬಣ್ಣಕ್ಕೆ ತಿರುಗಿದ ಮೇಲೆ ಪೂರ್ತಿ ನಿಲ್ಲಿಸಿ. ಹಸಿರಿರುವಾಗಲೇ ಕತ್ತರಿಸಬಾರದು, ಆ ಕೊನೆಯ ವಾರಗಳಲ್ಲಿ ಎಲೆಯ ಸತ್ವವೆಲ್ಲ ಗೆಡ್ಡೆಗೆ ಇಳಿಯುತ್ತಿರುತ್ತದೆ. ಕಾಂಡ ತಾನಾಗಿ ಕಳಚಿದ ಮೇಲೆ ಕುಂಡವನ್ನು ಮಳೆ ಬೀಳದ ನೆರಳಿಗೆ ಸರಿಸಿ, ಪಕ್ಕಕ್ಕೆ ಅಡ್ಡ ಮಲಗಿಸಿಡಿ. ಆಗ ಮರೆತು ಯಾರೂ ನೀರು ಹಾಕುವುದಿಲ್ಲ. ಒಂದು ಚೀಟಿಯೂ ಇರಲಿ, ಖಾಲಿ ಕುಂಡವೆಂದು ಇನ್ನೊಬ್ಬರು ಕೊತ್ತಂಬರಿ ಬಿತ್ತಿಬಿಟ್ಟಾರು. ಕೊತ್ತಂಬರಿಗೆ ಹಾಕುವ ನೀರಿಗೇ ಗೆಡ್ಡೆ ಕೊಳೆಯುತ್ತದೆ, ವಿಷದ ಗೆಡ್ಡೆಯ ಜೊತೆ ತಿನ್ನುವ ಸೊಪ್ಪು ಬೆಳೆಯುವುದೂ ತಕ್ಕುದಲ್ಲ.

ನೆಲದಲ್ಲಿರುವವನ್ನು ಚಳಿಗಾಲ-ಬೇಸಿಗೆಯಲ್ಲಿ ನೀರು ಹಾಯಿಸದ ಜಾಗವಾದರೆ ಅಲ್ಲೇ ಬಿಡಬಹುದು. ಹನಿ ನೀರಾವರಿಯ ತೋಟವಾದರೆ ಜನವರಿಯಲ್ಲಿ ಅಗೆದು ತೆಗೆಯಿರಿ. ಬುಡದಿಂದ ಒಂದಡಿ ದೂರದಲ್ಲಿ ಗುದ್ದಲಿ ಹಾಕಿ, ಹತ್ತಿರ ಬಂದ ಮೇಲೆ ಕೈಯಿಂದಲೇ ಮಣ್ಣು ಬಿಡಿಸಿ. ನೆಟ್ಟ ಹಳೆಯ ಗೆಡ್ಡೆ ಸಿಪ್ಪೆಯಾಗಿರುತ್ತದೆ, ಅದರ ಜಾಗದಲ್ಲಿ ಹೊಸ ಕವಲು ಗೆಡ್ಡೆ. ಎರಡೂ ತೋಳುಗಳು 50 ಗ್ರಾಮಿಗಿಂತ ಹೆಚ್ಚು ತೂಗುವಂತಿದ್ದರೆ ಮಾತ್ರ ಮೂಲೆಯಲ್ಲಿ ಶುಭ್ರ ಚಾಕುವಿನಿಂದ ಬೇರ್ಪಡಿಸಿ, ಕತ್ತರಿಸಿದ ಬಾಯಿಗೆ ಬೂದಿ ಸವರಿ, ಎರಡು ದಿನ ನೆರಳಲ್ಲಿ ಆರಿಸಿ. ಸಣ್ಣದಿದ್ದರೆ ಜೋಡಿಯಾಗಿಯೇ ಇರಲಿ. ಒಣ ಮರಳು ತುಂಬಿದ ಗಾಳಿಯಾಡುವ ಪೆಟ್ಟಿಗೆಯಲ್ಲಿ, ಒಂದಕ್ಕೊಂದು ತಾಗದಂತೆ ಹೂತಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಬೂಷ್ಟು ಬರುತ್ತದೆ, ಫ್ರಿಜ್ಜಿನಲ್ಲಂತೂ ಇಡಲೇಬಾರದು. ತಿಂಗಳಿಗೊಮ್ಮೆ ತೆಗೆದು ನೋಡಿ, ಮೆತ್ತಗಾದದ್ದನ್ನು ಬೇರೆ ಮಾಡಿ. ಏಪ್ರಿಲ್ ನಡುವಿನಿಂದ ವಾರಕ್ಕೊಮ್ಮೆ ಕಣ್ಣುಗಳನ್ನು ಗಮನಿಸುತ್ತಿರಿ. ಯಾವುದರ ತುದಿ ಮೊದಲು ಉಬ್ಬುತ್ತದೋ ಅದನ್ನು ಮೊದಲು ನೆಡಿ.